ತಿಮ್ಮಕ್ಕ ಹೊರಡಿಸಿದ ಕಾನೂನು

ನಮ್ಮ ಪಕ್ಕದ ಮನೆಯ ತಿಮ್ಮಕ್ಕ ಹೊನ್ನವಳ್ಳಿಯ ಬಾಲವಾಡಿಯಲ್ಲಿ ಆಯಾ ಆಗಿದ್ದಳು. ಎಪ್ಪತ್ತೆಂಟರ ಸುಮಾರಿನ ಮಾತು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಬೆಳಿಗ್ಗೆ ಹೇಳದೆ ಕೇಳದೆ ಮನೆಗಳಿಗೆ ನುಗ್ಗಿ, ಮಕ್ಕಳ ಮೂಗು ತನ್ನ ಸೆರಗಿನಲ್ಲೇ ಒರೆಸಿ, ಒಂದನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಂದನ್ನು ದರದರ ಎಳೆದುಕೊಂಡು ಹೋಗುತ್ತಿದ್ದಳು. ಉಪ್ಪಿಟ್ಟಿನ ಆಸೆಗೆ ಕೆಲವು ತಾವಾಗಿಯೇ ಹಿಂದೆ ಓಡುತ್ತಿದ್ದವು.

ಬಗ್ಗದ ಮನೆಯೆಂದರೆ ಸಿದ್ದಮ್ಮನದು. ಸಾಹುಕಾರರ ಅಂಗಳದಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುವ ಕೂಲಿ ಅವಳದು. ಚಿಕ್ಕ ಮಗ ಹುಚ್ಚರಂಗನನ್ನು ನೋಡಿಕೊಳ್ಳಲೆಂದು ಎಂಟು ವರ್ಷದ ಮಗಳು ಭಾಗ್ಯಳನ್ನು ಶಾಲೆ ಬಿಡಿಸಿದ್ದಳು. ಆ ಹುಡುಗಿ ಒಂದು ದಿನ ತಮ್ಮನನ್ನು ಸೊಂಟಕ್ಕೇರಿಸಿಕೊಂಡೇ ಶಾಲೆಗೆ ಹೋದಳು. ಅವನು ರಚ್ಚೆ ಹಿಡಿದ. ಮೇಷ್ಟ್ರು ಇಬ್ಬರನ್ನೂ ಹೊರಗೆ ಕಳಿಸಿದರು. ಅಳುತ್ತಾ ಬಂದವಳ ಕಣ್ಣನ್ನು ತಿಮ್ಮಕ್ಕ ಸೆರಗಿನಲ್ಲಿ ಒರೆಸಿದಳು. ಚಿಕ್ಕವನು ಬಾಲವಾಡಿಗೆ ಬಂದರೆ ದೊಡ್ಡವಳು ಶಾಲೆಗೆ ಹೋಗುತ್ತಾಳೆ ಎಂದುಕೊಂಡಳು.

ಸಿದ್ದಮ್ಮನಿಗೆ ಹೇಳಿದಳು, ಬೈದಳು, ಕೈ ಮುಗಿದಳು. ಅವಳು ಜಗ್ಗಲಿಲ್ಲ. ಕೊನೆಗೆ ತಿಮ್ಮಕ್ಕ ಬಾಗಿಲಲ್ಲಿ ನಿಂತು ಒಂದು ಸುಳ್ಳು ಬಿಟ್ಟಳು.

“ಹೊಸ ಕಾನೂನು ಬಂದೈತೆ ಕಣೇ. ಚಿಕ್ ಮಕ್ಳನ್ನ ಬಾಲವಾಡಿಗೆ ಕಳಿಸ್ದಿದ್ರೆ ಪೊಲೀಸ್ನೋರು ಬತ್ತಾರೆ!”

ಅಂಥ ಕಾನೂನು ಎಲ್ಲಿತ್ತು? ತಿಮ್ಮಕ್ಕನ ನಾಲಗೆಯ ಮೇಲಿತ್ತು ಅಷ್ಟೆ. ಆದರೆ ಪೊಲೀಸ್ ಎಂದ ಕೂಡಲೇ ಸಿದ್ದಮ್ಮ ಬಗ್ಗಿದಳು. ಮಾರನೆಯ ದಿನ ಹುಚ್ಚರಂಗ ಬಾಲವಾಡಿಯಲ್ಲಿದ್ದ. ತಿಮ್ಮಕ್ಕ ಗೆದ್ದ ಗತ್ತಿನಲ್ಲಿ ಶಾಲೆಯೊಳಗೆ ಇಣುಕಿದಳು. ಭಾಗ್ಯ ಕಾಣಲಿಲ್ಲ. ಆ ವಾರವೆಲ್ಲ ಕಾಣಲಿಲ್ಲ.

ಹುಡುಕುತ್ತಾ ಸಾಹುಕಾರರ ಅಂಗಳಕ್ಕೆ ಹೋದರೆ, ಹುಡುಗಿ ತಾಯಿಯ ಪಕ್ಕದಲ್ಲಿ ಕೂತು ಕರಟ ಒಡೆಯುತ್ತಿದ್ದಾಳೆ! ಬೆರಳಿಗೆ ಸುತ್ತಿದ್ದ ಚಿಂದಿಯಲ್ಲಿ ರಕ್ತ ಒಣಗಿತ್ತು. ತಿಮ್ಮಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಇಸ್ಕೂಲಿಗೆ ಕಳಿಸೋದು ಬುಟ್ಟು ಇಲ್ಲಿ ಕೂರಿಸ್ಕಂಡಿದ್ದೀಯೇನೇ?”

“ಚಿಕ್ಕೋನ್ನ ಕಳಿಸು ಅಂದೆ, ಕಳಿಸ್ದೆ. ಇವ್ಳ ಕೈ ಬಿಡುವಾಯ್ತು, ಕರ್ಕಂಡ್ ಬಂದೆ.”

“ಇವ್ಳಿಗೂ ಕಾನೂನೈತೆ ಕಣೇ!”

ಇದು ಮಾತ್ರ ನಿಜ. ಆರು ತುಂಬಿದ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂಬ ಕಾನೂನು ಎಷ್ಟೋ ವರ್ಷದಿಂದ ಇತ್ತು. ಮಾಡಿದವರು ಮಾಡಿ ಮರೆತಿದ್ದರು. ಅವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಂಗಳದ ಹೆಂಗಸರೆಲ್ಲ ನಕ್ಕರು. ಸಿದ್ದಮ್ಮ ನಗಲಿಲ್ಲ.

“ಅದು ಹಳೇದಲ್ವಾ ತಿಮ್ಮಕ್ಕ. ಅದ್ಕೆ ಯಾರ ಮನೇಗೆ ಪೊಲೀಸ್ನೋರು ಬಂದವ್ರೆ ಹೇಳು? ನೀನು ಹೊಸದು ಅಂದ್ಯಲ್ಲ, ಅದ್ಕೇ ಹೆದರ್ಕಂಡೆ.”

ಸುಳ್ಳಿಗೆ ಮಗುವನ್ನು ಕೊಟ್ಟವಳು ನಿಜಕ್ಕೆ ಕೊಡುವುದಿಲ್ಲ ಎನ್ನುವುದು ತಿಮ್ಮಕ್ಕನಿಗೆ ಅರ್ಥವಾಯಿತು. ಹೊರಡಲು ತಿರುಗಿದಾಗ ಭಾಗ್ಯ ಅವಳ ಸೆರಗು ಹಿಡಿದು ಮೆಲ್ಲಗೆ ಕೇಳಿದಳು:

“ತಿಮ್ಮಕ್ಕ, ನಂಗೂ ಒಂದು ಹೊಸ ಕಾನೂನು ತತ್ತೀಯಾ?”