ಕಂಬಳಿ ಅಂಗಡಿಯ ಪಾಲಕ

ಮೊನ್ನೆ ಮಧ್ಯಾಹ್ನ ಒಂದು ಮಳೆ ಬಂದು ಹೋಯಿತು. ನಮ್ಮ ಜತ್ತ ತಾಲೂಕಿನ ಮಳೆ ಗೊತ್ತಲ್ಲ, ಮೋರೆ ತೋರಿಸುವುದೇ ದೊಡ್ಡ ಉಪಕಾರ. ಸಬ್‌ಸ್ಟೇಶನ್ನಿನ ವಾಚಮನ್ ಅಜ್ಜ ತೊಯ್ದ ಕಂಬಳಿಯನ್ನು ಕಂಪೌಂಡ್ ಗೋಡೆಯ ಮೇಲೆ ಹರವಿದ್ದ. ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡಿಕೊಂಡು ವಾಪಸು ಬರುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ತೊಯ್ದ ಉಣ್ಣೆಯ ವಾಸನೆ, ಅದರೊಳಗಿಂದ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ... ಇಷ್ಟು ವರ್ಷ ಎಲ್ಲಿತ್ತೋ ಏನೋ.

"ವಾಸನಿ ಬರಾಕತ್ತೈತೇನ್ರಿ ಮ್ಯಾಡಮ್? ತಗೀತೀನ್ರಿ," ಎಂದ ಅಜ್ಜ. ಬೇಡ, ಇರಲಿ ಎಂದೆ. ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಪಾಪ, ಹಿಂದೆ ಸರಿದ.

ಆ ವಾಸನೆ ಸಾಂಗ್ಲಿಯ ಪೇಟೆಯಲ್ಲಿದ್ದ ಒಂದು ಕಂಬಳಿ ಅಂಗಡಿಯದು. ನಾನು ಇಂಜಿನಿಯರಿಂಗ್ ಓದಲು ಹೋದ ವರ್ಷ ಅದು ನಮಗೆ ಸಿಕ್ಕಿದ್ದೇ ಒಂದು ಸಂಕಟದಲ್ಲಿ. ನಾವು ಜತ್ತ ತಾಲೂಕಿನ ಸನಮಡಿಯವರು, ಸಾಂಗ್ಲಿ ಜಿಲ್ಲೆಯ ಕನ್ನಡದ ಮೂಲೆ. ನಮ್ಮ ಅಬ್ಬಾ ಸುಟ್ಟುಹೋದ ಬೋರಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಮಿಸ್ತ್ರಿ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಹತ್ತನೆಯವರೆಗೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಎಲೆಕ್ಟ್ರಿಕಲ್ ಬ್ರಾಂಚಿಗೆ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಆದರೆ ಹಾಸ್ಟೆಲ್ಲಿನ ರೆಕ್ಟರ್ ಮ್ಯಾಡಮ್, ನಿಮ್ಮ ಸ್ಥಾನಿಕ ಪಾಲಕರು ಯಾರು ಎಂದು ಕೇಳಿದರು. ಸಾಂಗ್ಲಿಯಲ್ಲೇ ಇರುವ ಹಿರಿಯರೊಬ್ಬರು ಬೇಕು. ಊರಿಗೆ ಹೋಗುವುದಿರಲಿ, ಹೊರಗೆ ಉಳಿಯುವುದಿರಲಿ, ಅವರ ಸಹಿ ಇಲ್ಲದೆ ಹುಡುಗಿ ಗೇಟು ದಾಟುವಂತಿಲ್ಲ. ಹುಡುಗರ ಹಾಸ್ಟೆಲ್ಲಿಗೆ ಈ ನಿಯಮ ಇರಲಿಲ್ಲ. ಗಂಡುಮಕ್ಕಳಿಗೆ ಇಡೀ ಸಾಂಗ್ಲಿಯೇ ಪಾಲಕ ಇರಬೇಕು!

ಅಲ್ಲಿ ನಮ್ಮವರೆನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ. ಅಬ್ಬಾ ಮೋರೆ ಸಣ್ಣದು ಮಾಡಿಕೊಂಡು ಪೇಟೆಯಲ್ಲಿ ನಡೆಯುತ್ತಿದ್ದರು, ನಾನು ಅವರ ಹಿಂದೆ. ಒಂದು ಅಂಗಡಿಯ ಒಳಗಿಂದ ಯಾರೋ ಫೋನಿನಲ್ಲಿ ಕನ್ನಡದಲ್ಲಿ ಜಗಳವಾಡುವುದು ಕೇಳಿಸಿತು. ಅಬ್ಬಾ ಗಕ್ಕನೆ ನಿಂತರು. ಆ ಮನುಷ್ಯ ಮಾಡಗ್ಯಾಳದವರು, ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಕುರಿಗಳ ಹಿಂದೆ ಅಡವಿಯಲ್ಲಿ, ಇವರೊಬ್ಬರೇ ಕಂಬಳಿ ಮಾರುತ್ತ ಇಲ್ಲಿ. ಮಾತು ಬೆಳೆದಂತೆ, ಅವರ ಅಣ್ಣನ ಬೋರಿನ ಮೋಟಾರಿಗೆ ಹಿಂದೊಮ್ಮೆ ತಂತಿ ಸುತ್ತಿಕೊಟ್ಟವರು ನಮ್ಮ ಅಬ್ಬಾ ಎಂದು ಹೊರಬಿತ್ತು. ಅಷ್ಟು ಸಾಕಾಯಿತು. ಅಂಗಡಿಯ ಬಾಗಿಲು ಹಾಕಿ ನಮ್ಮ ಜೊತೆ ಹಾಸ್ಟೆಲ್ಲಿಗೆ ಬಂದೇಬಿಟ್ಟರು.

ಮ್ಯಾಡಮ್ ಒಮ್ಮೆ ಅವರ ರುಮಾಲು ನೋಡಿದರು, ಒಮ್ಮೆ ಅಬ್ಬಾನ ಗಡ್ಡ ನೋಡಿದರು. ಹುಡುಗಿಗೆ ನೀವು ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ಇಬ್ಬರದೂ ಒಂದೇ ತಾಲೂಕು ಎಂದರು ಇವರು. ತಾಲೂಕೆಂದರೆ ನಂಟಸ್ತನವಲ್ಲ ಎಂದರು ಮ್ಯಾಡಮ್. "ಇಲ್ಲಿಗಿ ಬಂದಮ್ಯಾಲ ಆಗ್ತೈತ್ರಿ ಬಾಯಾರ," ಎಂದು ಇವರು ಕನ್ನಡದಲ್ಲೇ ಹೇಳಿ ನಕ್ಕುಬಿಟ್ಟರು. ಮ್ಯಾಡಮ್ಮಿಗೆ ಏನು ತಿಳಿಯಿತೋ, ಸಹಿ ಮಾಡಿಸಿಕೊಂಡರು. ಅವತ್ತಿನಿಂದ ಅವರು ನನ್ನ ಕಂಬಳಿ ಕಾಕಾ.

ಒಂಟಿಯಾಗಿರಲು ಸುತ್ತ ಜನ ಇಲ್ಲದಿರಬೇಕೆಂದೇನೂ ಇಲ್ಲ. ನನ್ನ ಖೋಲಿ ತುಂಬ ಹುಡುಗಿಯರಿದ್ದರು, ಎಲ್ಲರೂ ಚಲೋ ಹುಡುಗಿಯರೇ. ಮರಾಠಿ ನನಗೂ ಬರುತ್ತಿತ್ತು, ತಹಸೀಲ್ ಕಚೇರಿಯಲ್ಲಿ ಅರ್ಜಿ ಕೊಡುವಷ್ಟು ಚೊಕ್ಕಟವಾಗಿ ಬರುತ್ತಿತ್ತು. ಆದರೆ ಚಾಷ್ಟಿ ಮಾಡುವ ಮರಾಠಿಯೇ ಬೇರೆ. ಅವರು ನಕ್ಕ ಮಾತು ನನಗೆ ಅರ್ಥವಾಗುವಷ್ಟರಲ್ಲಿ ಅವರು ಮುಂದಿನ ಮಾತಿಗೆ ನಗುತ್ತಿದ್ದರು. ಕ್ಲಾಸಿನಲ್ಲಿ ಎಲ್ಲ ಇಂಗ್ಲಿಷು. ಇಡೀ ದಿನ ಬಾಯಿ ಮುಚ್ಚಿಕೊಂಡೇ ಇದ್ದು, ರಾತ್ರಿ ಮಲಗುವಾಗ ನನ್ನ ದನಿ ನನಗೇ ಮರೆತುಹೋಗಿದೆಯೋ ಎನಿಸುತ್ತಿತ್ತು...

ಲ್ಯಾಬಿನಲ್ಲಿ ಇನ್ನೊಂದು ಕಥೆ. ನಮ್ಮ ಬ್ಯಾಚಿನ ಹುಡುಗರು ವೈರು, ಮೀಟರು ಎಲ್ಲವನ್ನೂ ಎಳೆದುಕೊಂಡು ನಿಲ್ಲುತ್ತಿದ್ದರು. ನೀನು ರೀಡಿಂಗ್ ಬರೆದುಕೋ, ನಿನ್ನ ಅಕ್ಷರ ಚಂದ ಎಂದು ನನ್ನನ್ನು ಬೆಂಚಿನ ಮೂಲೆಗೆ ಕೂರಿಸುತ್ತಿದ್ದರು. ನಾನೋ, ಹಾಲುಹಲ್ಲು ಬೀಳುವ ಮೊದಲೇ ಅಬ್ಬಾನ ಎದುರು ತಂತಿಯ ಸುರುಳಿ ಹಿಡಿದು ಕೂತವಳು! ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಚಂದನೆಯ ಅಕ್ಷರದಲ್ಲಿ ರೀಡಿಂಗ್ ಬರೆಯುತ್ತಿದ್ದೆ.

ಆ ಸಿಟ್ಟನ್ನೆಲ್ಲ ರವಿವಾರಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದೆ. ರವಿವಾರ ಮಧ್ಯಾಹ್ನ ಕಾಕಾನ ಅಂಗಡಿಗೆ ಹೋಗಲು ಪರವಾನಗಿ ಇತ್ತು. ಮಡಚಿಟ್ಟ ಕಂಬಳಿಗಳ ಮೇಲೆ ಏರಿ ಕೂತು, ಚಹಾ ಕುಡಿಯುತ್ತ, ಬಾಯಿ ನೋಯುವವರೆಗೆ ಕನ್ನಡ ಮಾತಾಡುತ್ತಿದ್ದೆ. ಅವರಿಗೂ ಅದೇ ಹಸಿವು. ಗಿರಾಕಿ ಬಂದರೆ ಲಗುಬಗೆಯಿಂದ ಮರಾಠಿಯಲ್ಲಿ ಮುಗಿಸಿ, ಹೂಂ, ಆಮ್ಯಾಲ ಎಂದು ನನ್ನ ಕಡೆ ತಿರುಗುತ್ತಿದ್ದರು. ಲ್ಯಾಬ್ ಎಂದರೇನು ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮೂಲೆಗೆ ಕೂರಿಸುತ್ತಾರೆ ಎಂಬುದು ಮಾತ್ರ ತಟ್ಟನೆ ತಿಳಿಯಿತು.

"ನೀ ಮಿಸ್ತ್ರಿ ಮಗಳ ಹೌದೋ ಅಲ್ಲೋ? ಮೊದ್ಲ ಕೈ ಹಾಕು ಅತ್ತಾಗ. ಬೈದ್ರ ಬೈಸಿಕೊ," ಎಂದರು.

ಮುಂದಿನ ಪ್ರಾಕ್ಟಿಕಲ್ಲಿಗೆ ಎಲ್ಲರಿಗಿಂತ ಮೊದಲು ಹೋಗಿ ವೈರು ಹಿಡಿದೆ. ಜೋಡಿಸಿ ಮುಗಿಸಿ ಸರ್‌ಗೆ ತೋರಿಸಿ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎಂದು ತಿರುಗಿತು. ಹುಡುಗನೊಬ್ಬ ಮೋರೆ ಉಬ್ಬಿಸಿಕೊಂಡು ರೀಡಿಂಗ್ ಬರೆದ. ಆ ರವಿವಾರ ಕಾಕಾ ಓಣಿಯ ಅಂಗಡಿಕಾರರಿಗೆಲ್ಲ ಬಜಿ ತರಿಸಿ ಹಂಚಿದರು. ಯಾಕೆಂದು ಕೇಳಿದವರಿಗೆ, ನಮ್ಮ ಹುಡಗಿ ಮೋಟಾರ ತಿರುಗಿಸ್ಯಾಳ ಎಂದಷ್ಟೇ. ನಾಚಿಕೆಯಿಂದ ನಾನು ಕಂಬಳಿಗಳ ಹಿಂದೆ ಸರಿದೆ.

ಮೂರನೆಯ ವರ್ಷದ ನಡುವೆ ಒಂದು ಅವಕಾಶ ಬಂತು. ಪುಣೆಯ ಆಚೆ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯೊಂದು ಕೆಲವರನ್ನು ತರಬೇತಿಗೆ ಆರಿಸಿತು. ಚಲೋ ಕೆಲಸ ಮಾಡಿದವರಿಗೆ ಅಲ್ಲೇ ನೌಕರಿ. ಆರಿಸಿದ ಹುಡುಗಿಯರಲ್ಲಿ ನಾನೂ ಇದ್ದೆ. ಖುಷಿಯಿಂದ ಮನೆಗೆ ಫೋನು ಮಾಡಿದರೆ ಅಬ್ಬಾ ಬೇಡ ಎಂದರು. ಅಲ್ಲಿ ನಮ್ಮವರು ಯಾರಿದ್ದಾರೆ? ಅದೊಂದೇ ಮಾತು. ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಅಬ್ಬಾ ಜಪ್ಪಯ್ಯ ಎನ್ನಲಿಲ್ಲ.

ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿಯೇ ಆಗಬೇಕೆಂದಿರಲಿಲ್ಲ. ಸ್ಥಾನಿಕ ಪಾಲಕರದೂ ನಡೆಯುತ್ತಿತ್ತು. ಓಡಿಹೋಗಿ ಕಾಕಾನ ಎದುರು ಹಾಳೆ ಹಿಡಿದೆ. ಅವರು ಕೈ ಮುಂದೆ ಮಾಡಲಿಲ್ಲ.

"ನಿಮ್ಮಪ್ಪ ನಂಬಿ ನಿನ್ನ ನನ್ನ ಕೈಯಾಗ ಕೊಟ್ಟಾನ. ಅವನ ಬೆನ್ನ ಹಿಂದ ನಾ ಸಹಿ ಮಾಡಂಗಿಲ್ಲ ತಂಗಿ."

"ಹಂಗಾದ್ರ ನೀವು ಪಾಲಕರ ಯಾಕ ಆದ್ರಿ?" ಎಂದೆ. ಅವರು ಮಡಚಿದ್ದ ಕಂಬಳಿಯನ್ನೇ ಬಿಚ್ಚಿ ಮತ್ತೆ ಮಡಚುತ್ತ ಕೂತರು. ನಾನು ಚಹಾ ಕುಡಿಯದೆ ಎದ್ದು ಬಂದೆ. ಇಡೀ ಸಾಂಗ್ಲಿಯಲ್ಲಿ ನನ್ನ ಮಾತು ಕೇಳುವ ಒಂದೇ ಒಂದು ಜೀವ ಇತ್ತು, ಅದೂ ಹೋಯಿತು ಎನಿಸಿ, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಕೆಲವು ದಿನಗಳ ನಂತರ ಅಮ್ಮಿಯ ಫೋನು ಬಂತು. ನಿನ್ನ ಕಂಬಳಿ ಕಾಕಾ ಮುಂಜಾನೆಯಿಂದ ನಮ್ಮ ಮನೆಯಲ್ಲಿ ಕೂತಿದ್ದಾರೆ ಎಂದು ಪಿಸುಗುಟ್ಟಿದಳು. ಚಳಿ ಶುರುವಾಗಿ ಕಂಬಳಿ ಮಾರಾಟದ ಭರಾಟೆ. ಅಂಥದರಲ್ಲಿ ಅಂಗಡಿ ಮುಚ್ಚಿ ಸನಮಡಿಗೆ ಹೋಗಿದ್ದರು. ಅಬ್ಬಾ ಮೋಟಾರಿಗೆ ತಂತಿ ಸುತ್ತುತ್ತಿದ್ದರೆ ಇವರು ಬಾಜು ಗೋಣಿಚೀಲದ ಮೇಲೆ ಕೂತು ತಂತಿಯ ಉಂಡೆ ಹಿಡಿದರಂತೆ. ಮಳೆಯ ಮಾತಾಯಿತು, ಕುರಿಯ ಮಾತಾಯಿತು, ಗುಡ್ಡಾಪುರದ ಗುಡಿಯ ಅಮಾವಾಸ್ಯೆಯ ಜನಸಂದಣಿಯ ಮಾತಾಯಿತು. ಮಧ್ಯಾಹ್ನ ಅಮ್ಮಿ ರೊಟ್ಟಿ ಬಡಿಸಿದಳು, ಉಂಡರು, ಮತ್ತೆ ಬಂದು ಕೂತರು. ನನ್ನ ಹೆಸರೇ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಏಳುವಾಗ, "ಮಿಸ್ತ್ರಿ, ಹುಡಗಿ ಹೋಗ್ಲಿ ಬಿಡು," ಎಂದರಂತೆ. ಅಬ್ಬಾ ತಲೆ ಎತ್ತದೆ ಆತು ಎಂದರಂತೆ.

ಅಷ್ಟೇ. ಆಮೇಲೊಮ್ಮೆ ಅಬ್ಬಾನನ್ನು ಕೆಣಕಿ ಕೇಳಿದೆ, ನಾನು ಅತ್ತರೂ ಕರಗದವರು ಹೇಗೆ ಒಪ್ಪಿದಿರಿ ಎಂದು. ದಂಧೆ ಬಿಟ್ಟು ಬಂದು ದಿನವಿಡೀ ಕೂತ ಮನುಷ್ಯನಿಗೆ ಇಲ್ಲ ಎಂದು ಹೇಗೆ ಹೇಳಲಿ ಎಂದರು. ನಾನು ಕಾಕಾನಿಗೆ ಫೋನು ಮಾಡಿ ತಪ್ಪಾತ್ರಿ ಎನ್ನುವಷ್ಟರಲ್ಲಿ ಅವರೇ ಮಾತು ತುಂಡರಿಸಿದರು. ಅಲ್ಲಿ ಹೋಗಿ ಹೊಟ್ಟೆ ತುಂಬ ಉಣ್ಣು ಎಂದರು.

ತರಬೇತಿ ಮುಗಿಸಿದೆ. ಡಿಗ್ರಿ ಆದಮೇಲೆ ಅಲ್ಲೇ ನೌಕರಿಯೂ ಆಯಿತು. ಮುಂದೆ ಪರೀಕ್ಷೆ ಬರೆದು, ತಿರುಗಾಡಿ, ಕೊನೆಗೆ ನಮ್ಮ ತಾಲೂಕಿಗೇ ಇಂಜಿನಿಯರಾಗಿ ಬಂದೆ. ಕಾಕಾನ ಜೊತೆ ಫೋನು ಮೊದಮೊದಲು ವಾರವಾರ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಒಮ್ಮೆ ಮಾಡಿದಾಗ ನಂಬರು ಬಂದ್ ಆಗಿತ್ತು. ಹೊಸದು ತೆಗೆದುಕೊಂಡಿರಬೇಕು ಎಂದುಕೊಂಡೆ. ಹೋದ ವರ್ಷ ಮಾಡಗ್ಯಾಳದವರೊಬ್ಬರು ಅಬ್ಬಾನ ಹತ್ತಿರ ಮೋಟಾರು ತಂದಾಗ, ಅವರು ತೀರಿಕೊಂಡು ಭಾಳ ದಿನ ಆಯಿತೆಂಬ ಸುದ್ದಿ ಬಂತು. ನಮಗೆ ಯಾರೂ ತಿಳಿಸಿರಲಿಲ್ಲ. ಸಹಿಯ ನಂಟಿಗೆ ಸಾವಿನ ಸುದ್ದಿ ಮುಟ್ಟಿಸಬೇಕೆಂದು ಯಾರಿಗೆ ಹೊಳೆಯಬೇಕು?

ಮಾಡಗ್ಯಾಳಕ್ಕೆ ಹೋದೆ. ಅವರ ಹೆಂಡತಿ ನನ್ನನ್ನು ಕಂಡವರಲ್ಲ, ಆದರೂ ಹೇಳಿದ ಕೂಡಲೇ ಗುರುತು ಹಿಡಿದು, ಬಾರವ್ವ, ಕುಂದ್ರು ಎಂದು ಕೈ ಹಿಡಿದುಕೊಂಡರು. ಚಹಾ ತಂದವಳು ಮಗಳು. ಊರಲ್ಲಿ ಸಂಸಾರ ಇದೆ ಎಂಬುದಷ್ಟೇ ನನಗೆ ಗೊತ್ತಿತ್ತು, ನನಗಿಂತ ಒಂದು ವರ್ಷ ಸಣ್ಣ ಮಗಳೊಬ್ಬಳಿದ್ದಾಳೆಂದು ಗೊತ್ತಿರಲಿಲ್ಲ. ಹನ್ನೆರಡನೆಯದರಲ್ಲಿ ಅವಳೂ ಸೈನ್ಸ್ ತೆಗೆದುಕೊಂಡಿದ್ದಳು. ಚಲೋ ಮಾರ್ಕ್ಸ್ ಬಿದ್ದಿದ್ದವು ಎಂದು ತಾಯಿಯೇ ಹೇಳಿದರು. ಆ ಬೇಸಿಗೆಯಲ್ಲೇ ಅವಳ ಲಗ್ನ ಆಯಿತಂತೆ. ಅಂದರೆ ನಾನು ಕಂಬಳಿಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಕಾಲದಲ್ಲಿ...

ಅವಳು ನನ್ನನ್ನು ಬಸ್ಸಿಗೆ ಕಳಿಸಲು ಬಂದಳು. ದಾರಿಯಲ್ಲಿ ಮೆಲ್ಲಗೆ ಕೇಳಿದಳು: "ಅಕ್ಕಾ, ನಮ್ಮಪ್ಪ ನಿಮ್ಮ ಮನಿಗಿ ಬಂದು ಏನ ಹೇಳಿದ್ರು? ಇಲ್ಲಿ ಎಲ್ಲಾರೂ ನನಗ, ನಿಮ್ಮಪ್ಪ ಒಂದು ಹುಡಗಿನ ಇಂಜಿನಿಯರ್ ಮಾಡ್ಯಾನ ಅಂತಾರ. ಹೆಂಗ ಒಪ್ಪಸಿದ್ರು?"

ಏನೂ ಹೇಳಲಿಲ್ಲ, ಅಬ್ಬಾನ ಬಾಜು ದಿನವಿಡೀ ಕೂತರು, ಹೋಗುವಾಗ ಒಂದು ಮಾತು ಆಡಿದರು ಎಂದೆ. ಅವಳು ಸೆರಗಿನ ತುದಿ ತಿರುವುತ್ತ ನಡೆದಳು.

"ನಮ್ಮಪ್ಪನ ಬಾಜು ಹಂಗ ಬಂದು ಕುಂದ್ರಾಕ ಯಾರೂ ಬರ್ಲಿಲ್ಲಕ್ಕಾ," ಎಂದಳು.

ಬಸ್ಸು ಬಂತು, ಹತ್ತಿದೆ. ಕಾಕಾನ ಮೇಲೆ ನನಗೆ ಸಿಟ್ಟಿದೆ, ಸಣ್ಣ ಸಿಟ್ಟಲ್ಲ. ಅವರಿದ್ದಿದ್ದರೆ ಎದುರು ಕೂತು ಕಾಡಿ ಕೇಳುತ್ತಿದ್ದೆ, ನನಗಾಗಿ ಅಷ್ಟು ದೂರ ಬಂದವರು ನಿಮ್ಮ ಹೊಸ್ತಿಲೊಳಗೆ ಯಾಕೆ ಸುಮ್ಮನಾದಿರಿ ಎಂದು. ಏನಾದರೂ ಹೇಳುತ್ತಿದ್ದರು, ಇಲ್ಲವೇ ತಲೆ ತಗ್ಗಿಸುತ್ತಿದ್ದರು. ಇವತ್ತು ನನ್ನ ಸಹಿ ಇಲ್ಲದೆ ಈ ಸಬ್‌ಸ್ಟೇಶನ್ನಿನಲ್ಲಿ ಒಂದು ಲೈನೂ ಬಂದ್ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಖೋಲಿಗೆ ಬಂದು ಒಬ್ಬಳೇ ಕೂತಾಗ ಅವರ ನೆನಪಾಗುತ್ತದೆ, ಅವರ ಮಗಳ ನೆನಪೂ ಆಗುತ್ತದೆ, ಈಗೀಗ ಒಂದು ಬಿಟ್ಟು ಇನ್ನೊಂದು ಬರುವುದೇ ಇಲ್ಲ. ಜಗಳ ತೆಗೆಯಲು ಅವರಿಲ್ಲ. ಅದೇ ಭಾಳ ಕಷ್ಟ.