ಕಾಡಿಗೆ ಒತ್ತಿದ ಜಾಗ

ನಾಲ್ಕು ವರ್ಷದ ಹಿಂದಿನ ಮಾತು. ನರ್ಸಿಂಗ್ ಓದು ಮುಗಿಸಿ, ಹುಣಸೂರಿನ ಹೆರಿಗೆ ವಾರ್ಡೊಂದರಲ್ಲಿ ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ ವಿದ್ಯೆಯ ತರಬೇತಿಗೆ ಸೇರಿದ್ದೆ. ಹುಟ್ಟಿದ ಕೂಸನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿ, ಮೈಮೇಲಿನ ಗುರುತುಗಳನ್ನು ಬರೆದಿಡುವುದು ನನ್ನ ಪಾಲಿನ ಕೆಲಸ.

ಕಂಪಲಾಪುರದ ಕಡೆಯ ಮಂಜುಳಾಗೆ ಗಂಡು ಮಗುವಾಯಿತು. ಎರಡು ಕೆಜಿ ಎಂಟುನೂರು ಗ್ರಾಂ. ಮಗುಚಿ ನೋಡಿದರೆ ಸೊಂಟದ ಕೆಳಗೆ ಮೂರು ಬೆರಳಗಲ ನೀಲಿ. ಎಲ್ಲೋ ಪೆಟ್ಟು ಬಿದ್ದಿದೆಯೆಂದು ಕೂಗಿ ಕರೆದೆ.

"ಒತ್ತಿ ನೋಡು," ಎಂದರು ಹಿರಿಯ ಸಿಸ್ಟರ್ ಶಾರದಮ್ಮ. "ಊತ ಇದೆಯಾ? ಅಳ್ತಾನಾ? ಇದು ಮಂಗೋಲಿಯನ್ ಸ್ಪಾಟ್ ಕಣೆ. ಚರ್ಮದ ಬಣ್ಣ ಒಳಪದರದಲ್ಲೇ ಉಳ್ಕೊಂಡಿರ್ತದೆ, ಅಷ್ಟೆ. ನಮ್ಮ ಕಡೆ ಬೇಕಾದಷ್ಟು ಕೂಸುಗಳಿಗೆ ಇರ್ತದೆ. ಒಂದೆರಡು ವರ್ಷಕ್ಕೆ ಮಾಸಿಹೋಗ್ತದೆ. ಬರ್ಕೊ, ಅವರವ್ವಂಗೂ ಹೇಳು."

ನಾನು ಹೋಗುವಷ್ಟರಲ್ಲಿ ಮಂಜುಳಾಳ ಅತ್ತೆ ನಿಂಗಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ನಗುತ್ತಿದ್ದರು. "ಕಳ್ನನ್ಮಗ, ಬಂದ್ಬುಟ್ಟ ನೋಡವ್ವ! ನಾ ಒತ್ತಿದ್ದೂ ಇಲ್ಲೇ ಕಣವ್ವ."

ಹಿಂದಿನ ವರ್ಷ ಮಂಜುಳಾಳ ಚೊಚ್ಚಲ ಮಗ ಹೆಸರಿಡುವ ಮೊದಲೇ ತೀರಿಕೊಂಡಿದ್ದ. ಮಣ್ಣು ಮಾಡುವ ಮುಂಚೆ ನಿಂಗಮ್ಮ ಆ ಕೂಸಿನ ಸೊಂಟಕ್ಕೆ ದೀಪದ ಕಾಡಿಗೆ ಒತ್ತಿದ್ದರಂತೆ. ಹೋದವನು ಅದೇ ಹೊಟ್ಟೆಗೆ ತಿರುಗಿ ಬಂದರೆ ಗುರುತು ಸಿಗಲೆಂದು ಅವರ ಮನೆಯಲ್ಲಿ ಹಾಗೆ ಮಾಡುತ್ತಾರೆ.

ಆದರೂ ಇದು ಬರೀ ಚರ್ಮದ ಬಣ್ಣ, ಒಂದೆರಡು ವರ್ಷಕ್ಕೆ ಮಾಸಿಹೋಗುತ್ತದೆ ಎಂದು ಹೇಳಿದೆ; ಮುಂದೆ ಯಾರೂ ಅದನ್ನು ಏಟಿನ ಗಾಯವೆಂದು ತಿಳಿಯಬಾರದಲ್ಲ.

ಮಂಜುಳಾ ಕೂಸನ್ನು ಕಸಿದು ಎದೆಗವಚಿಕೊಂಡಳು. "ಮಾಸೋದ್ರೆ ಇವ್ನೂ ಒಂಟೋಯ್ತನಾ ಸಿಸ್ಟರ್?"

"ಇಲ್ಲಮ್ಮ. ಮಗ ಇರ್ತಾನೆ. ಗುರುತು ಮಾತ್ರ ಹೋಗ್ತದೆ."

ಅವಳು ಗೋಡೆಯ ಕಡೆ ತಿರುಗಿದಳು. ಡಿಸ್ಚಾರ್ಜ್ ಆಗುವವರೆಗೂ ಕೂಸನ್ನು ನನ್ನ ಕೈಗೆ ಕೊಡಲಿಲ್ಲ.

ಹೋದ ವರ್ಷ ಕಂಪಲಾಪುರದಲ್ಲಿ ಪೋಲಿಯೊ ಹನಿ ಹಾಕಲು ಹೋಗಿದ್ದಾಗ ಅವಳೇ ಗುರುತು ಹಿಡಿದಳು. ಓಡುತ್ತಿದ್ದ ಮಗನನ್ನು ಎಳೆದು ನಿಲ್ಲಿಸಿ, ಅಂಗಿ ಎತ್ತಿ ತೋರಿಸಿದಳು. ನೀಲಿಯ ಸುಳಿವೂ ಇರಲಿಲ್ಲ.

"ದಿನಾ ನೀರುಯ್ವಾಗ ನೋಡ್ತಿದ್ದೆ. ಮಾಸ್ತಾ ಮಾಸ್ತಾ ಓಯ್ತು," ಎಂದಳು. "ತಿರ್ಗಾ ಬಂದವ್ನೆ ಅಂತ ಮೊದಲ್ನೇವ್ನಿಗೆ ನಾನು ಅತ್ತೇ ಇರ್ನಿಲ್ಲ ಸಿಸ್ಟರ್. ಈಗ ಅಳವಾ ಅಂದ್ರೆ, ಕರ್ದು ಅಳಾಕೆ ಒಂದ್ ಎಸ್ರೂ ಇಲ್ಲ."

ಮೈಮೇಲಿನ ಗುರುತು ನೋಡುವುದನ್ನು ನನಗೆ ಶಾರದಮ್ಮ ಕಲಿಸಿದರು, ಉಳಿದದ್ದನ್ನು ಮಂಜುಳಾ. ಈಗ ಬಾಣಂತಿಯ ಹಾಸಿಗೆಯ ಪಕ್ಕ ಕುಳಿತು, ಇದಕ್ಕೆ ಮುಂಚೆ ಕೂಸು ಹೋಗಿತ್ತೇ ಎಂದು ಮೊದಲು ಕೇಳುತ್ತೇನೆ. ಹೋಗಿದ್ದರೆ, ಅದರ ಮಾತು ಮುಗಿಯುವವರೆಗೂ ಮಚ್ಚೆಯ ಮಾತು ಎತ್ತುವುದಿಲ್ಲ.