ಅಂಚಿಗೆ ಹಚ್ಚಿದ ಎಣ್ಣೆ

ಮೊನ್ನೆ ನಮ್ಮ ಮನೆಯ ತಲಬಾಗಿಲಿಗೆ ಹೊಸ ಕದ ಕೂಡಿಸಿದೆವು. ಬಡಿಗ ಕೆಲಸ ಮುಗಿಸಿ, ಡಬ್ಬಿಯಲ್ಲಿ ಅಗಸೆ ಎಣ್ಣೆ ಬಿಸಿ ಮಾಡಿಕೊಂಡು, ಬಟ್ಟೆಯಿಂದ ಕದಕ್ಕೆ ತಿಕ್ಕತೊಡಗಿದ. ವಾಸನೆ ಪಡಸಾಲೆ ದಾಟಿ ಅಡಿಗೆಮನೆಗೆ ಹೋಯಿತು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಬಡಿಯುತ್ತಿದ್ದವರು ನನ್ನ ವೈನಿ, ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಆರು ವರ್ಷದಿಂದ ಅವರು ಧಾರವಾಡದಲ್ಲಿ ನಮ್ಮೊಂದಿಗೇ ಇದ್ದಾರೆ.

"ದಾವಲಸಾಬ ಬಂದಂಗಾತು ನೋಡು," ಎಂದರು ಒಳಗಿನಿಂದ.

ನಾನು ಕೇಳಿಸಲಿಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಕೆಲಗೇರಿ ಕೆರೆಯ ಕಡೆಗೆ ಹೊರಟುಬಿಟ್ಟೆ. ಆ ಹೆಸರು ಬಂದಾಗಲೆಲ್ಲ ನನಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತದೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ನಿಮಗಾದರೆ ಹೇಳಬಹುದು, ನೀವು ನನ್ನ ಅಣ್ಣನನ್ನು ಕಂಡವರಲ್ಲ, ನನ್ನ ಮೇಲೆ ಸಿಟ್ಟಾದರೂ ಅದು ಸಂಜೆಯವರೆಗೆ ಉಳಿಯಲಿಕ್ಕಿಲ್ಲ.

ಆಗ ನಾವೆಲ್ಲ ಹುಬ್ಬಳ್ಳಿಯಲ್ಲಿದ್ದೆವು. ಅಣ್ಣ ಬಸಣ್ಣ ರೈಲ್ವೆ ಕಾರ್ಖಾನೆಯಲ್ಲಿ ಟರ್ನರ್. ನಮ್ಮದು ಅಮ್ಮಿನಬಾವಿಯ ಒಕ್ಕಲುತನದ ಮನೆ. ಮೊದಲು ಊರು ಬಿಟ್ಟು ಬಂದವನು ಅಣ್ಣ, ಅವನ ಬೆನ್ನಿಗೆ ನಾನು. ನನ್ನನ್ನು ಓದಿಸಿ, ಅದೇ ಕಾರ್ಖಾನೆಯಲ್ಲಿ ಕಾರಕೂನನನ್ನಾಗಿ ಮಾಡಿದವನೂ ಅವನೇ. ನಾನು ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂಡುತ್ತಿದ್ದೆ. ಅವನು ನೀಲಿ ಅಂಗಿ ತೊಟ್ಟು ಯಂತ್ರದ ಮುಂದೆ ನಿಲ್ಲುತ್ತಿದ್ದ. ಇದರಿಂದ ನಾನು ಅವನಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆಂದು ನನಗೆ ಒಳಗೊಳಗೇ ಅನಿಸುತ್ತಿತ್ತು. ಆ ಕೋಟಿನ ಬಟ್ಟೆ ತಂದುಕೊಟ್ಟವನು ಅಣ್ಣನೆಂಬುದು ಆಗ ನೆನಪಿಗೆ ಬರುತ್ತಿರಲಿಲ್ಲ.

ಕಾರ್ಖಾನೆಯ ಬಿಳಿಯ ಸಾಹೇಬರು ತಮಗಾಗಿ ಒಂದು ಆಟದ ಷೆಡ್ಡು ಕಟ್ಟಿಸಿಕೊಂಡಿದ್ದರು. ಒಳಗೆ ಸಾಗವಾನಿ ಹಲಗೆ ಜೋಡಿಸಿದ, ಅರವತ್ತು ಅಡಿ ಉದ್ದದ ಎರಡು ಹಾದಿಗಳು. ಒಂದು ತುದಿಯಿಂದ ಭಾರವಾದ ಮರದ ಚೆಂಡು ಉರುಳಿಸಬೇಕು. ಇನ್ನೊಂದು ತುದಿಯಲ್ಲಿ ನಿಲ್ಲಿಸಿದ ಹತ್ತು ಮರದ ಬಾಟ್ಲಿಗಳನ್ನು ಕೆಡವಬೇಕು. ಹಾದಿಗೆ ಅವರು ಏನೆನ್ನುತ್ತಿದ್ದರೋ, ನಾವು ಲೈನು ಎನ್ನುತ್ತಿದ್ದೆವು. ಸಾಹೇಬರಿಗೆ ಟೆನಿಸ್ಸಿನ ಹುಚ್ಚು ಹತ್ತಿದ ಮೇಲೆ ಷೆಡ್ಡು ನಮ್ಮಂಥವರ ಪಾಲಿಗೆ ಬಂತು. ಅಮ್ಮಿನಬಾವಿಯ ನಮ್ಮ ದೊಡ್ಡಪ್ಪ ಒಮ್ಮೆ ಬಂದು ಅರ್ಧ ತಾಸು ನೋಡಿ, "ಕೆಡವೂದು, ಮತ್ತ ನಿಂದರಿಸೂದು. ಇದಕ್ಕ ಪಗಾರ ಬ್ಯಾರೆ ಕೊಡ್ತಾರೇನು?" ಎಂದು ಕೇಳಿ ಹೋಗಿದ್ದ.

ಲೈನು ನೋಡಿಕೊಳ್ಳುವ ಕೆಲಸ ದಾವಲಸಾಬನದು. ಅವನು ಕಾರ್ಖಾನೆಯ ಬಡಿಗ, ಅಣ್ಣನ ಜೀವದ ಗೆಳೆಯ. ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿಯಲ್ಲಿ ಉಂಡವರು. ರವಿವಾರ ಬೆಳಿಗ್ಗೆ ಅಗಸೆ ಎಣ್ಣೆಗೆ ಮೇಣ ಕೂಡಿಸಿ, ಮೊಣಕಾಲೂರಿ, ಹಳೆಯ ಕಂಬಳಿ ತುಂಡಿನಿಂದ ಲೈನಿಗೆ ತಿಕ್ಕುತ್ತಿದ್ದ. ನೋಡುವವರಿಗೆ ಅದು ಹಲಗೆ ಒರೆಸಿದಂತೆಯೇ ಕಾಣುತ್ತಿತ್ತು. ಆಟವೆಲ್ಲ ಇದ್ದದ್ದು ಅದರಲ್ಲೇ. ಎಣ್ಣೆ ಇದ್ದಲ್ಲಿ ಚೆಂಡು ಜಾರಿ ನೆಟ್ಟಗೆ ಹೋಗುತ್ತದೆ. ಒಣಗಿದ ಹಲಗೆಯಲ್ಲಿ ಹಿಡಿತ ಸಿಕ್ಕು, ಬಿಡುವಾಗ ಕೈ ತಿರುವಿದ ಕಡೆಗೆ ಹೊರಳುತ್ತದೆ. ನಡುವೆ ದಪ್ಪಗೆ ಹಚ್ಚಿ, ಅಂಚನ್ನು ಒಣಗಿಸಿ ಬಿಟ್ಟರೆ ಲೈನು ಸಲೀಸು. ತಿರುವಿ ಬಿಟ್ಟ ಚೆಂಡು ಕೈ ತಪ್ಪಿ ಅಂಚಿಗೆ ಹೋದರೂ ತಾನಾಗಿ ನಡುವಿಗೆ ತಿರುಗಿ ಬರುತ್ತದೆ. ಅಂಚಿನಿಂದ ಅಂಚಿಗೆ ಒಂದೇ ಸಮ ಹಚ್ಚಿದರೆ ಲೈನು ಕಠಿಣ. ಎಲ್ಲಿಗೆ ಬಿಟ್ಟಿರೋ ಅಲ್ಲಿಗೇ ಹೋಗುತ್ತದೆ, ತಪ್ಪಿದರೆ ಪಕ್ಕದ ಗಟಾರಕ್ಕೆ. ಇಷ್ಟೆಲ್ಲ ನನಗೆ ಕಲಿಸಿದವನು ದಾವಲಸಾಬನೇ. ನಾನು ಅದನ್ನು ಅವನ ಮೇಲೆಯೇ ತಿರುಗಿಸಿದೆ.

ಹುಬ್ಬಳ್ಳಿಯಲ್ಲಿ ಅಣ್ಣನಂಥ ಆಟಗಾರ ಇನ್ನೊಬ್ಬನಿರಲಿಲ್ಲ. ನಲವತ್ತರ ಸುಮಾರಿಗೆ ಅವನ ಬಲಗೈ ನಡುಗತೊಡಗಿತು. ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಚಹದ ಬಟ್ಟಲನ್ನು ಎಡಗೈಯಲ್ಲಿ ಹಿಡಿಯತೊಡಗಿದ. ಅಂಗಿಯ ಗುಂಡಿಯನ್ನು ವೈನಿ ಹಾಕಿಕೊಡುತ್ತಿದ್ದರು, ಏನೋ ಅಕ್ಕರೆಗೆಂಬಂತೆ. ಆದರೆ ಆಟದಲ್ಲಿ ಮಾತ್ರ ಅಣ್ಣ ಮೊದಲಿನಷ್ಟೇ ಬಾಟ್ಲಿ ಕೆಡವುತ್ತಿದ್ದ. ನನಗೆ ಇದೊಂದು ಅರ್ಥವಾಗುತ್ತಿರಲಿಲ್ಲ. ನಡುಗದ ಕೈಯವನು ನಾನು, ಏಳು ಬಿದ್ದರೆ ಹಿಗ್ಗುತ್ತಿದ್ದೆ.

ಆ ವರ್ಷ ಬೇರೆ ಊರಿನ ರೈಲ್ವೆಯವರ ಮೇಲೆ ಪಂದ್ಯ ಗೊತ್ತಾಯಿತು. ನಮ್ಮಿಂದ ನಾಲ್ವರು ಹೋಗಬೇಕು, ಮೂವರು ನಿಕ್ಕಿಯಾಗಿದ್ದರು. ಉಳಿದೊಂದು ಜಾಗಕ್ಕೆ ಅಣ್ಣ, ನಾನು ಇಬ್ಬರೇ. ರವಿವಾರ ಮಧ್ಯಾಹ್ನ ನಮ್ಮಿಬ್ಬರ ನಡುವೆ ಆಟವಾಗಿ, ಗೆದ್ದವನು ಹೋಗಬೇಕೆಂದು ಠರಾಯಿಸಿದರು. ಅಂದು ಬೆಳಿಗ್ಗೆ ಕೈ ಪಳಗಿಸಿಕೊಳ್ಳಲೆಂದು ಷೆಡ್ಡಿಗೆ ಹೋದೆ. ದಾವಲಸಾಬ ಗೋಡೆ ಕಡೆಯ ಲೈನಿನ ಮೇಲೆ ಬಗ್ಗಿದ್ದ. ಅದು ಅಣ್ಣ ಯಾವಾಗಲೂ ಆಡುತ್ತಿದ್ದ ಲೈನು. ನಡುವೆ ಎಣ್ಣೆ ಮಿರಿಮಿರಿ ಮಿಂಚುತ್ತಿತ್ತು. ಎರಡೂ ಅಂಚನ್ನು ಅವನು ಒಣಬಟ್ಟೆಯಿಂದ ಒರೆಸುತ್ತಿದ್ದ, ಮಗುವಿನ ಮುಖ ಒರೆಸಿದಷ್ಟು ಮೆತ್ತಗೆ. ಈಚೆಯ ಲೈನಿಗೆ ಒಂದೇ ಸಮ ಹಚ್ಚಿ ಮುಗಿಸಿದ್ದ. ಅದು ನನ್ನದು.

ನನಗೆ ಎಲ್ಲ ತಿಳಿದುಹೋಯಿತು. ತಿಳಿದ ಕೂಡಲೇ ತಲೆಗೆ ಬಂದದ್ದು ಅಣ್ಣನ ಕೈಯಲ್ಲ, ನನ್ನ ಏಳು ಬಾಟ್ಲಿ.

"ಎರಡೂ ಲೈನಿಗೆ ಒಂದ ಸಮ ಹಚ್ಚು," ಎಂದೆ. ಅದುವರೆಗೆ ಅವನಿಗೆ ದಾವಲಣ್ಣ, ಬರ್ರಿ, ಹೋಗ್ರಿ ಎನ್ನುತ್ತಿದ್ದವನು ಅಂದು ಮರ್ಯಾದೆ ಬಿಟ್ಟು ಮಾತಾಡಿದೆ.

ಅವನು ತಲೆ ಎತ್ತಿದ. "ನಿಮ್ಮಣ್ಣನ ಕೈ ನೋಡೀಯಿಲ್ಲೋ ತಮ್ಮಾ?"

"ನೋಡೇನಿ. ಆಟ ಅಂದಮ್ಯಾಲೆ ಎಲ್ಲಾರಿಗೂ ಒಂದ ಇರಬೇಕು."

"ಖರೇ ಐತಿ ನೀ ಅನ್ನೂದು. ಆದ್ರ ಅವನ ಹತ್ರ ಉಳದದ್ದು ಇದೊಂದ ನೋಡು. ಇಷ್ಟ ಇರಲಿ ಬಿಡು."

"ನೀ ಹಚ್ಚದಿದ್ರ ಸಾಹೇಬರಿಗೆ ಹೇಳ್ತೇನಿ. ಲೈನು ಕಾಯೂ ಕೆಲಸ ಹೋಗತೈತಿ."

ಅವನು ಕೈಯಲ್ಲಿದ್ದ ಒಣಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟ. ಆಮೇಲೆ ಕಂಬಳಿ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಅಂಚಿಗೆ ಹಚ್ಚತೊಡಗಿದ. ಕೊನೆಯವರೆಗೆ ನಾನು ಅಲ್ಲೇ ನಿಂತು ನೋಡಿದೆ. ನ್ಯಾಯ ಕಾಯುತ್ತಿದ್ದೇನೆಂದು ನನ್ನ ತಿಳುವಳಿಕೆ.

ಮಧ್ಯಾಹ್ನ ಅಣ್ಣ ಬಂದ. ಮೊದಲ ಚೆಂಡು ಬಿಟ್ಟ. ಅದು ಬಲಕ್ಕೆ ಸರಿಯಿತು, ಸರಿಯುತ್ತಲೇ ಹೋಯಿತು, ಗಟಾರಕ್ಕೆ ಬಿತ್ತು. ಅಣ್ಣ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಅಂಚಿನ ಹಲಗೆಯ ಮೇಲೆ ಬೆರಳಾಡಿಸಿದ. ಬೇರೆಲ್ಲೂ ಮುಟ್ಟಲಿಲ್ಲ, ನೇರ ಅಂಚಿಗೇ ಕೈ ಹೋಯಿತು. ಅವನಿಗೆ ಎಲ್ಲ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು. ಗೆಳೆಯ ತನಗಾಗಿ ಮಾಡುತ್ತಿದ್ದುದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಆಡಿಕೊಂಡು ಬಂದಿದ್ದ. ಬೆರಳು ಒರೆಸಿಕೊಂಡು ದಾವಲಸಾಬನ ಮುಖ ನೋಡಿದ. ದಾವಲಸಾಬ ನೆಲ ನೋಡಿದ.

"ಛಲೋ ಹಚ್ಚೀ ದಾವಲ," ಎಂದ ಅಣ್ಣ, ಅಷ್ಟೇ. ಆಟ ಬಿಡಲಿಲ್ಲ. ಎಲ್ಲ ಸುತ್ತೂ ಆಡಿದ, ನಡುಗುವ ಕೈ ಎಲ್ಲರಿಗೂ ಕಾಣುವಂತೆ. ನಾನು ಗೆದ್ದೆ. ನನ್ನ ಬೆನ್ನು ತಟ್ಟಿ ಮನೆಗೆ ಹೋದ.

ರಾತ್ರಿ ಊಟಕ್ಕೆ ಕುಳಿತಾಗ, ಯಾರಿಗೆಂದಿಲ್ಲದೆ ಅಣ್ಣ ಹೇಳಿದ: "ಅಂವಗೂ ನಾ ಸಾಕಾದೆ."

ಆಗ ನನ್ನ ಬಾಯಿಯಿಂದ ಒಂದು ಮಾತು ಬರಬೇಕಾಗಿತ್ತು. ಅಂವ ಅಲ್ಲ ಅಣ್ಣ, ನಾನು. ಅಷ್ಟೇ. ನಾನು ಪಲ್ಯ ಹಾಕಿಸಿಕೊಂಡೆ.

ಪಂದ್ಯದ ಕಥೆ ಹೇಳುವಂಥದ್ದೇನಿಲ್ಲ. ಅಲ್ಲಿಯ ಲೈನು ಇನ್ನೂ ಬೇರೆ ನಮೂನೆ. ನನ್ನ ಚೆಂಡುಗಳಲ್ಲಿ ಅರ್ಧ ಗಟಾರದ ಪಾಲಾದವು. ಹೊಸ ಬೂಟು ಕಚ್ಚಿ ಕುಂಟುತ್ತ ಊರಿಗೆ ಬಂದೆ. ವರ್ಷದೊಳಗೆ ಧಾರವಾಡಕ್ಕೆ ಬೇರೆ ನೌಕರಿ ಸಿಕ್ಕಿತು. ಓಡಿಹೋದೆ ಎಂದರೂ ಸರಿಯೇ. ಅಣ್ಣ ಮತ್ತೆ ಷೆಡ್ಡಿಗೆ ಹೋಗಲಿಲ್ಲ. ಯಂತ್ರದ ಕೆಲಸ ಬಿಡಿಸಿ ಅವನನ್ನು ಉಗ್ರಾಣದಲ್ಲಿ ಕೂಡಿಸಿದರು. ಕಾರ್ಖಾನೆ ದೊಡ್ಡದು, ಅಣ್ಣ, ದಾವಲಸಾಬ ಇಬ್ಬರೂ ಒಬ್ಬರಿಗೊಬ್ಬರು ಎದುರಾಗಬಾರದೆಂದರೆ ಆಗದೆ ಇರಬಹುದು. ದಾವಲಸಾಬ ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ಅಣ್ಣತಮ್ಮಂದಿರ ನಡುವೆ ಬಿರುಕು ಬೇಡವೆಂದು ತಪ್ಪನ್ನು ತಾನೇ ಹೊತ್ತುಕೊಂಡ. ಅಣ್ಣ ಸಾಯುವಾಗ ನಾನು ಪಕ್ಕದಲ್ಲಿದ್ದೆ, ಆಗಲೂ ಹೇಳಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮೊನ್ನೆ ಕೆರೆಯಿಂದ ತಿರುಗಿ ಬಂದಾಗ ವೈನಿ ಹೊಸ ಕದದ ಹತ್ತಿರವೇ ನಿಂತಿದ್ದರು. ಈ ಸಲ ನನಗೆ ಯಾವ ಕೆಲಸವೂ ನೆನಪಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತರು.

"ಪ್ರತಿ ರಂಜಾನಕ್ಕ ಅಂವ ಶಾವಿಗಿ ಸುರಕುಂಬಾ ತಗೊಂಡು ಮನಿಗೆ ಬರತಿದ್ದ," ಎಂದರು. "ನಿಮ್ಮಣ್ಣ ಒಳಗ ಕೂತು, 'ಇಲ್ಲ ಅಂತ ಹೇಳು' ಅಂತಿದ್ರು. ನಾ ಬಾಗಿಲದಾಗ ನಿಂತು 'ಮನ್ಯಾಗಿಲ್ಲರಿ' ಅಂತಿದ್ದೆ. ಅವರ ಚಪ್ಪಲಿ ಅಲ್ಲೇ ಕಟ್ಟೀ ಮ್ಯಾಲ ಇರತಿದ್ದೂ. ಅಂವ ಚಪ್ಪಲಿ ನೋಡಿ, 'ಆತ್ರಿ ವೈನಿ, ಬಂದಿದ್ದೆ ಅಂತ ಹೇಳ್ರಿ' ಅಂದು ಬಟ್ಟಲಾ ಕೊಟ್ಟು ಹೋಗತಿದ್ದ. ಮೂರು ವರ್ಷ ಬಂದ."

"ಆಮ್ಯಾಲೆ?"

"ನಾಕನೇ ವರ್ಷ ಬರಲಿಲ್ಲ. ಅವತ್ತ ಇವರು ಸಂಜೀತನಕಾ ಪಡಸಾಲ್ಯಾಗ ಕೂತಿದ್ರು. ಮಡಿ ಅಂಗಿ ಹಾಕ್ಕೊಂಡು."

ನಾನು ಅತ್ತೆ. ವೈನಿ ಅಳಲಿಲ್ಲ. "ದಾವಲಸಾಬ ಅದಾನೇನು?" ಎಂದು ಕೇಳಿದರು.

"ಅದಾನರಿ. ರಾಯಾಪುರದಾಗ ಮಗಳ ಕಡೆ ಇರತಾನಂತ."

"ಹಂಗಾರ ಹೋಗೂಣು. ಅವರು ಮನ್ಯಾಗ ಇದ್ರು ಅಂತ ನನ್ನ ಬಾಯಿಲೇ ಹೇಳಬೇಕು ನಾನು. ಮೊದಲ ನೀ ಹೇಳು, ಆಮ್ಯಾಲೆ ನಾ ಹೇಳತೇನಿ."

ನಾಳೆ ಬೆಳಿಗ್ಗೆ ಟಾಂಗಾದವನಿಗೆ ಬರಹೇಳಿದ್ದೇನೆ. ಎಲ್ಲಿಂದ ಶುರು ಮಾಡಬೇಕು, ಯಾವ ಮಾತಿನಲ್ಲಿ ಹೇಳಬೇಕು ತಿಳಿಯದೆ, ಒಮ್ಮೆ ನಿಮ್ಮ ಮುಂದೆ ಹೇಳಿ ನೋಡಿಕೊಂಡೆ. ಮೆಲ್ಲಗೆ ಹೇಳಿ ಮುಗಿಸಿಬಿಡಬಹುದೆಂದು ಆಸೆಯಿತ್ತು. ಅವನಿಗೆ ಈಗ ಕಿವಿ ಮಂದವಂತೆ. ಮಗಳು, ಮೊಮ್ಮಕ್ಕಳು ಎಲ್ಲ ಕೇಳುವಂತೆ ಒದರಿ ಹೇಳಬೇಕಾಗುತ್ತದೆ.